ಸುವರ್ಣಗಡ್ಡೆಯ ಸಾರಿಗೆ ಹಾಕಿದ ಸಹಿ

ಮೊಣಕೈವರೆಗೂ ಕೊಬ್ಬರಿ ಎಣ್ಣೆ ಸವರಿಕೊಂಡು, ಈಳಿಗೆಮಣೆಯ ಮೇಲೆ ಒಂದು ಕಾಲು ಮಡಚಿ ಕೂತು, ಆಕೆ ಸುವರ್ಣಗಡ್ಡೆ ಹೆಚ್ಚುತ್ತಿದ್ದರು. ದವಡೆಯಲ್ಲಿ ಸದಾ ಎಲೆಯಡಿಕೆ. ಕೆಳದುಟಿಯ ಮೇಲೆ ಸುಣ್ಣ ಸುಟ್ಟ ಬಿಳಿ ಕಲೆ. ಸಾಸ್ವೆಹಳ್ಳಿ ಹತ್ತಿರದ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ಆಕೆ. ನಾನು ಜಗಳೂರಿನಿಂದ ವರ್ಗವಾಗಿ ಬಂದ ಮೇಡಂ. ನಮ್ಮ ಕಡೆ ಗಡ್ಡೆ ಅಂದರೆ ಈರುಳ್ಳಿ, ಆಲೂಗಡ್ಡೆ, ಅಲ್ಲಿಗೆ ಮುಗೀತು.

ಸುವರ್ಣಗಡ್ಡೆ ತಿನ್ನಲು ಕಲಿಸಿದವರು ಆಕೆಯೇ. ಕಲಿಸಿದ್ದು ಅಂದರೆ ಬೈದು ಕಲಿಸಿದ್ದು. “ಮೂಗು ಆಮೇಲೆ ಮುರೀರಂತೆ ಮೇಡಂ, ಮೊದ್ಲು ತಿನ್ರಿ.” ಹುಣಸೆ ನೀರಲ್ಲಿ ನೆನೆಸಿ, ತೊಗರಿಬೇಳೆ ಜೊತೆ ಬೇಯಿಸಿದ ಸಾರು ಮಕ್ಕಳಿಗೆ. ತೆಳ್ಳಗೆ ಬಿಲ್ಲೆ ಮಾಡಿ, ಅಕ್ಕಿಹಿಟ್ಟು ಖಾರದಪುಡಿ ಹಚ್ಚಿ ಹಂಚಿನ ಮೇಲೆ ಗರಿಗರಿ ಮಾಡಿದ್ದು ನನಗೆ. ರೊಟ್ಟಿಯೊಳಗೆ ಸುತ್ತಿ ಕೊಡುತ್ತಿದ್ದರು. ಎಂಟು ವರ್ಷ ತಿಂದೆ.

ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಮ್ಮ ಶಾಲೆಯಲ್ಲಿ ಆ ಪಾಳಿ ನನ್ನದು. ಆಕೆ ಬಟ್ಟಲು ಹಿಡಿದು ತರಗತಿ ಬಾಗಿಲಿಗೇ ಬರುತ್ತಿದ್ದರು. “ಎಲೆಯಡಿಕೆ ಹಾಕಿ ಹಾಕಿ ನನ್ನ ನಾಲಿಗೆ ಜಡ್ಡುಗಟ್ಟೈತೆ. ಖಾರಾನೂ ತಿಳಿಯಂಗಿಲ್ಲ, ತುರಿಕೇನೂ ತಿಳಿಯಂಗಿಲ್ಲ. ನಿಮ್ಮ ನಾಲಿಗೇನೇ ನಂಗೆ ಗತಿ.” ನಾನು ನಗುತ್ತಿದ್ದೆ.

ಒಂದು ದಿನ ಯಾರದೋ ತೋಟದಿಂದ, ಮೈಗಂಟಿದ ಮಣ್ಣು ಇನ್ನೂ ಹಸಿಯಾಗಿರುವಾಗಲೇ, ಎರಡು ಗಡ್ಡೆ ಬಂದವು. ಅಗೆದ ತಕ್ಷಣ ಬೇಯಿಸಿದರೆ ತುರಿಸುತ್ತದೆ, ನಾಲ್ಕು ದಿನ ಮೂಲೆಗಿಡಬೇಕು ಅನ್ನುವುದು ಆಕೆಯ ಲೆಕ್ಕ. ಹೆಡ್‌ಮಾಸ್ಟರು ಕೇಳಲಿಲ್ಲ. ಕೊಟ್ಟವರು ಬೇಜಾರು ಮಾಡಿಕೊಳ್ಳುತ್ತಾರೆ, ಇವತ್ತೇ ಹಾಕಿ ಎಂದರು. ಆಕೆ ದುಪ್ಪಟ್ಟು ಹುಣಸೆಹಣ್ಣು ಹಾಕಿ ಕುದಿಸಿ, ಬಟ್ಟಲು ಹಿಡಿದು ಬಂದರು.

“ಇವತ್ತು ಚೆನ್ನಾಗಿ ಅಗಿದು ನೋಡ್ರಿ ಮೇಡಂ.”

ನಾನು ಮೊಬೈಲಿನಲ್ಲಿ ಹಾಜರಾತಿ ಏರಿಸುತ್ತಿದ್ದೆ. ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು. “ನೀವು ಮಾಡಿದ್ದು ಅಂದಮೇಲೆ ನೋಡೋದೇನೈತೆ ಬಿಡ್ರೀ” ಎಂದು ಸಹಿ ಹಾಕಿದೆ. ಬಟ್ಟಲು ಮೇಜಿನ ಮೇಲೆ ಹಾಗೇ ಆರಿತು.

ಕಾಲು ಗಂಟೆಯಲ್ಲಿ ಊಟದ ಸಾಲು ತುಂಬ ಅಳು. ಬಾಯಿ ಉರಿ, ಗಂಟಲು ತುರಿಕೆ. ಬೆಲ್ಲ ಕೊಟ್ಟೆವು, ಮಜ್ಜಿಗೆ ಕುಡಿಸಿದೆವು. ಸಂಜೆಗೆ ಎಲ್ಲ ಮಕ್ಕಳೂ ಸರಿಹೋದರು. ಅಪ್ಪ ಅಮ್ಮಂದಿರು ಸರಿಹೋಗಲಿಲ್ಲ. ಸಭೆ ಸೇರಿತು.

“ಮೇಡಂ ರುಚಿ ನೋಡಿದ್ರಾ?” ಹೆಡ್‌ಮಾಸ್ಟರು ಪುಸ್ತಕ ತೆರೆದು ಕೇಳಿದ್ದು ನನ್ನನ್ನಲ್ಲ, ಆಕೆಯನ್ನು.

ಆಕೆ ನನ್ನ ಕಡೆ ನೋಡಿದರು. ಬಾಯಿ ಬಿಡಬೇಕಾದವಳು ನಾನು. ಬಿಡಲಿಲ್ಲ.

“ನೋಡಿದ್ರು ಸಾರ್. ಅವರ ಬಟ್ಲಿಗೆ ನಾನು ಚೆನ್ನಾಗಿ ಬೆಂದ ಹೋಳು ಹಾಕಿದ್ದೆ. ತಪ್ಪು ನಂದೇ.”

ಮರುದಿನದಿಂದ ಒಲೆಯ ಮುಂದೆ ಬೇರೆಯವರು. ಅಡುಗೆಮನೆಯ ಬೀಗದ ಕೈ ಕೊಡಲು ಬಂದಾಗ ಆಕೆ ಕೈಮುಗಿದರು. ನಾನೂ ಮುಗಿದೆ. ನಾಚಿಕೆ ಆಯಿತೆ? ಆಗಿರಬೇಕು. ಗೊತ್ತಾಗಲಿಲ್ಲ.

ಎರಡು ವರ್ಷದ ಮೇಲೆ ಆಕೆಯ ಬಾಯಿಯಲ್ಲಿ ಹುಣ್ಣಾಗಿದೆ, ದಾವಣಗೆರೆ ಆಸ್ಪತ್ರೆಗೆ ತೋರಿಸಿ ವಾಪಸು ಕರೆತಂದಿದ್ದಾರೆ ಎಂದು ತಿಳಿದು ಮನೆಗೆ ಹೋದೆ. ಗಂಜಿ ಕೂಡ ಇಳಿಯುತ್ತಿರಲಿಲ್ಲ. “ಅವತ್ತು ನಾನು…” ಎಂದು ಶುರು ಮಾಡಿದೆ. ಆಕೆ ಕೈ ಅಡ್ಡ ಮಾಡಿದರು.

“ನಿಮ್ಮದು ಸರ್ಕಾರಿ ನೌಕರಿ ಮೇಡಂ, ಹೋದ್ರೆ ಬರಂಗಿಲ್ಲ. ಅದಿರ್ಲಿ, ಮಕ್ಳು ಈಗ ಗಡ್ಡೆ ಸಾರು ತಿಂತಾವಾ?”

ಆ ದಿನದಿಂದ ಶಾಲೆಗೆ ಸುವರ್ಣಗಡ್ಡೆ ತಂದೇ ಇಲ್ಲ.

“ತಿಂತಾವೆ” ಎಂದೆ.

ಆಕೆ ತೀರಿಕೊಂಡ ದಿನ ಶಾಲೆಯಿಂದ ಎಲ್ಲರೂ ಹೋದೆವು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಹೊರಗೆ ಚಪ್ಪಲಿ ಮೆಟ್ಟುತ್ತಾ ಹೆಡ್‌ಮಾಸ್ಟರು ನಿಟ್ಟುಸಿರುಬಿಟ್ಟರು.

“ಒಳ್ಳೆ ಹೆಣ್ಮಗಳು ಕಣ್ರೀ. ಅದೊಂದು ತಪ್ಪು ಮಾಡ್ಕೊಂಡ್ಲು.”

ನಾನು “ಹೂಂ ಸಾರ್” ಎಂದೆ.