ತೂಕಕ್ಕೆ ಬಾರದ ಮರಿಗಳು

ಕುರಿಮರಿಗಳ ಹೊಸ ಮೇವಿನ ಪುಡಿಯನ್ನು ಪರೀಕ್ಷಿಸುವುದು ಆಗ ನನ್ನ ಕೆಲಸ. ಹಿರಿಯೂರು ಕಡೆಯ ಒಂದು ಕುರಿಹಟ್ಟಿಯ ಮರಿಗಳಿಗೆ ಮೂರು ತಿಂಗಳು ಪುಡಿ ಕೊಟ್ಟೆವು, ಇನ್ನೊಂದು ಹಟ್ಟಿಗೆ ಕೊಡಲಿಲ್ಲ. ಎಲ್ಲ ಮರಿಗಳನ್ನೂ ತೂಗುತ್ತಾ ಕೂರಲು ಯಾರಿಗಾಗುತ್ತದೆ? ಹಟ್ಟಿಗೆ ಹತ್ತರಂತೆ ಚೀಟಿ ಎತ್ತಿ ಆರಿಸಿ, ತೂಗಿ, ಎರಡೂ ಕಡೆಯ ಸರಾಸರಿ ಹೋಲಿಸಬೇಕು. ಪುಡಿ ತಿಂದವುಗಳ ಸರಾಸರಿ ಸಾಕಷ್ಟು ಹೆಚ್ಚಿದ್ದರೆ ಪುಡಿ ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ.

ಪುಡಿ ಕೊಟ್ಟ ಹಟ್ಟಿ ನನ್ನ ಚಿಕ್ಕಮ್ಮನದು. ಗಂಡ ಸತ್ತ ಮೇಲೆ ಅವಳ ಬದುಕೆಲ್ಲ ಆ ಕುರಿಗಳೇ. "ಪುಡಿ ಬಂದ್ಮೇಲೆ ಒಂದು ಮರೀನೂ ಸತ್ತಿಲ್ಲ ಕಣವ್ವ. ನಿಲ್ಲಿಸಬ್ಯಾಡ್ರಿ ಅಂತ ನಿಮ್ಮೋರಿಗೆ ಹೇಳು" ಎಂದಿದ್ದಳು.

ಇನ್ನೊಂದು ಹಟ್ಟಿಯಲ್ಲಿ ನಿಯಮದಂತೆ ಚೀಟಿ ಎತ್ತಿದೆ. ಚಿಕ್ಕಮ್ಮ ಕುರಿ ಕೂಡುವ ರೊಪ್ಪದ ಬಳಿ ಹೋದಾಗ ಬಿಸಿಲು ಏರಿತ್ತು. "ನೀನ್ಯಾಕೆ ಹಿಕ್ಕೆ ತುಳೀತೀಯ? ಕುಂತ್ಕ, ನಾನೇ ಹಿಡ್ಕಂಡ್ ಬರ್ತೀನಿ" ಎಂದಳು. ಕುಳಿತೆ. ಸೋಮಾರಿ ನಾನು! ಅವಳು ಒಂದೊಂದಾಗಿ ಹತ್ತು ಮರಿ ತಂದಳು, ನಾನು ಟೀ ಕುಡಿಯುತ್ತಾ ತೂಕ ಬರೆದುಕೊಂಡೆ.

ಎರಡು ಸರಾಸರಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೂ ಬರಬಹುದು ಎಂದು ವರದಿ ಬರೆದವಳು ನಾನೇ. ಪುಡಿ ನಿಂತಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಚಿಕ್ಕಮ್ಮನ ಮರಿಗಳು ಸಾಯತೊಡಗಿದವು. ಸುದ್ದಿ ಕೇಳಿ ಓಡಿದೆ. ರೊಪ್ಪ ಅರ್ಧ ಖಾಲಿಯಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಿನ್ನ ಮರಿಗಳ ತೂಕವೇ ಏರಿರಲಿಲ್ಲವಲ್ಲ ಚಿಕ್ಕಮ್ಮ" ಎಂದುಬಿಟ್ಟೆ.

"ಅಯ್ಯೋ, ದುಂಡಗಿರೋವನ್ನ ತಕ್ಕಡಿಗೆ ಹಾಕ್ತಾರೇನೆ? ದೃಷ್ಟಿ ತಾಕಲ್ವ? ಅವನ್ನ ಹಿತ್ಲ ಗುಡಿಸ್ಲಾಗೆ ಕಟ್ಟಿದ್ದೆ. ಬಡಕಲನ್ನೇ ಆರ್ಸಿ ತಂದೆ."

"ನನ್ನಿಂದಲೂ ಬಚ್ಚಿಟ್ಟೆಯಾ?"

"ನೀನಾದ್ರೇನವ್ವ, ಕಣ್ಣು ಕಣ್ಣೇ ಅಲ್ವ?"

ಚಿಕ್ಕವಳಿದ್ದಾಗ ದಿನಾ ನನ್ನ ಕೆನ್ನೆಗೆ ಮಸಿ ಬೊಟ್ಟಿಟ್ಟು ಕಳಿಸುತ್ತಿದ್ದವಳು ಇದೇ ಚಿಕ್ಕಮ್ಮ. ಅವಳು ಯಾವ ಮರಿ ತರುತ್ತಾಳೆಂದು ಬೇರೆ ಯಾರಿಗಲ್ಲದಿದ್ದರೂ ನನಗೆ ಹೊಳೆಯಬೇಕಿತ್ತು. ಎದ್ದು ಚೀಟಿ ಎತ್ತಿದ್ದರೆ ಸಾಕಿತ್ತು. ನನ್ನ ಮೇಲೆಯೇ ನನಗೆ ಅಸಹ್ಯವಾಯಿತು.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ರೊಪ್ಪದ ಬಾಗಿಲು ತೆರೆದಳು.

"ಈಗ ಉಳಿದಿರೋವೆಲ್ಲ ಇಲ್ಲೇ ಅವೆ. ಒಂದನ್ನೂ ಬಚ್ಚಿಟ್ಟಿಲ್ಲ. ಎಲ್ಲಾನೂ ತೂಗವ್ವ. ಪುಡಿ ಕೊಡ್ತಾರಾ?"

ನಾನು ತಕ್ಕಡಿ ತಂದಿರಲಿಲ್ಲ.