ದಸ್ತಪ್ಪನ ಕೈ, ನನ್ನ ಕಲ್ಲಿನ ಕೋಣೆ

೧೯೮೪ರಲ್ಲಿ ನಾನು ಶಹಾಬಾದಿನಲ್ಲಿ ಕ್ಯಾಸೆಟ್ ರೆಕಾರ್ಡಿಸ್ಟ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಹೈದರಾಬಾದಿನಲ್ಲಿ ಎರಡು ವರ್ಷ ಒಬ್ಬರ ಕೈಕೆಳಗೆ ವೈರು ಸುತ್ತಿ ಕಲಿತು ಬಂದವನು. ನನ್ನಂಥ ಕಿವಿ ಊರಲ್ಲಿ ಯಾರಿಗೂ ಇಲ್ಲವೆಂದು ನಂಬಿದ್ದೆ. ಆ ನಂಬಿಕೆಯಲ್ಲಿ ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಾಡಿಗೆ ಮನೆಯ ಮುಂದೆ ತಗಡಿನ ಪಡಸಾಲೆ. ಹಾಡುವವರು ಅಲ್ಲಿ ಕೂರುತ್ತಿದ್ದರು. ಒಳಗೆ ಒಂದೇ ಕೋಣೆ. ಒಂಬತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ, ಎತ್ತರವೂ ಅಷ್ಟೇ. ನೆಲ, ಗೋಡೆ, ಮಾಳಿಗೆ ಎಲ್ಲವೂ ನಮ್ಮೂರ ಹಾಸುಗಲ್ಲು. ಬೇಸಿಗೆಗೆ ತಂಪೆಂದು ಮಿಕ್ಸರ್, ನಾಲ್ಕು ಟ್ರ್ಯಾಕಿನ ಡೆಕ್, ಎರಡು ಸ್ಪೀಕರ್ ಅಲ್ಲಿಟ್ಟು, ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಿ ಹಾಕಿದ್ದೆ. ಹಾಡು, ಹಾರ್ಮೋನಿಯಂ ಪೇಟಿ, ಡೋಲಕ, ತಾಳ ಇವನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು, ಆಮೇಲೆ ಯಾವುದು ಎಷ್ಟು ಕೇಳಬೇಕೆಂದು ಹದ ಮಾಡುವುದಕ್ಕೆ ಮಿಕ್ಸಿಂಗ್ ಎನ್ನುತ್ತಾರೆ.

ಆ ವರ್ಷ ಶರಣಮ್ಮನ ಭಜನಾ ಮೇಳ ಮೊದಲ ಕ್ಯಾಸೆಟ್ ಮಾಡಿಸಲು ಬಂತು. ಚಿಮ್ಮನಚೋಡದಿಂದ ಸೊಸೆಯಾಗಿ ಬಂದ ಆಕೆಯ ಹಾಡಿಗೆ ಇಪ್ಪತ್ತು ವರ್ಷದಿಂದ ಡೋಲಕ ಬಾರಿಸುತ್ತಿದ್ದವನು ದಸ್ತಪ್ಪ, ಕಲ್ಲುಗಣಿಯ ಕೂಲಿ. ಗಣಿಯ ವಾರದ ರಜೆಯ ಮಧ್ಯಾಹ್ನ, ಸಿಡಿತದ ಸದ್ದಿಲ್ಲದಾಗ, ಎ ಸೈಡ್ ರೆಕಾರ್ಡ್ ಮಾಡಿದೆವು. ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿತ್ತು.

ಮಿಕ್ಸಿಂಗಿಗೆ ಕೂತು ಸ್ಪೀಕರ್ ಹಚ್ಚಿದಾಗ ಡೋಲಕದ ಎಡಗೈ ಪೆಟ್ಟು ಬಿದ್ದಾಗೆಲ್ಲ ಗುಂಯ್ ಎಂಬ ಸದ್ದು ಎದ್ದು ಹಾಡನ್ನೇ ನುಂಗುತ್ತಿತ್ತು. ಮೇಳದವರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ದಸ್ತಪ್ಪನ ಕೈ ಭಾರ ಎಂದೆ. ಅವನು ಒಳಗೆ ಬಂದು ಗೋಡೆಯ ಮೂಲೆಯನ್ನು ಬೆರಳ ಗೆಣ್ಣಿನಿಂದ ಬಡಿದ. ಗಣಿಯವರು ಹಾಸುಗಲ್ಲನ್ನು ಹೀಗೆ ಬಡಿದೇ ಒಳಗೆ ಬಿರುಕಿದೆಯೋ ಇಲ್ಲವೋ ತಿಳಿಯುತ್ತಾರೆ.

"ಕೈ ಅಲ್ರಿ ಸರ್, ಮೂಲಿ ಗುಂಯ್ ಅನ್ನಾಕತ್ತದ. ನೀವು ಗ್ವಾಡಿ ಬಿಟ್ಟು ಮುಂದ ಬಂದು ಕುಂದ್ರಿ, ಕೇಳ್ರಿ."

"ಕಲ್ಲು ಒಡಿಯೂದು ಬ್ಯಾರೆ, ಬಾರಸೂದು ಬ್ಯಾರೆ," ಎಂದೆ.

ಯಾರೋ ಕಿಸಕ್ಕನೆ ನಕ್ಕರು. ದಸ್ತಪ್ಪ ಡೋಲಕಕ್ಕೆ ಬಟ್ಟೆ ಸುತ್ತಿಕೊಂಡು ಹೋದ. ಬಿ ಸೈಡಿಗೆ ಬೇರೆಯವರನ್ನು ಕರೆಸದಿದ್ದರೆ ಕ್ಯಾಸೆಟ್ ಕೆಡುತ್ತದೆ ಎಂದು ಶರಣಮ್ಮನನ್ನು ಹೆದರಿಸಿದೆ. ಆಕೆ ಮನಸ್ಸಿಲ್ಲದೆ ಒಪ್ಪಿದಳು.

ಮುಂದಿನ ವಾರ ಸೇಡಂನಿಂದ ಶಾಲಾ ಮಾಸ್ತರರೊಬ್ಬರು ತಬಲಾ ತಂದರು. ನನಗಿಂತ ಚಿಕ್ಕವರು, ಇಸ್ತ್ರಿ ಅಂಗಿ. ಹಿಂದಿನವನ ಕೈ ಒರಟು ಎಂದು ಅವರೆದುರಿಗೂ ಹೇಳಿದೆ. ಅವರು ಹೋದ ಮೇಲೆ ಮಿಕ್ಸಿಂಗಿಗೆ ಕೂತೆ. ಅದೇ ಗುಂಯ್. ಹೆಡ್‌ಫೋನ್ ಹಾಕಿದೆ, ಇಲ್ಲ. ತೆಗೆದೆ, ಇದೆ. ದೋಷ ಕೋಣೆಯದೆಂದು ನನಗೆ ಆ ಕ್ಷಣವೇ ತಿಳಿಯಿತು. ಆದರೂ ಯಾರಿಗೂ ಹೇಳಲಿಲ್ಲ. ಎರಡೂ ಸೈಡಿನಲ್ಲಿ ತಗ್ಗಿನ ನಾದವನ್ನು ಇಳಿಸಿ ಮಿಕ್ಸ್ ಮುಗಿಸಿದೆ. ನನ್ನ ತಪ್ಪು ಅಜ್ಞಾನದ್ದಲ್ಲ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು.

ನಮೂನೆಯ ಕ್ಯಾಸೆಟ್ ಹಿಡಿದು ವಾಡಿಗೆ ಹೋಗಿ, ಜಂಕ್ಷನ್ ಎದುರಿನ ಪರಿಚಯದ ಚಹಾ ಹೋಟೆಲಿನಲ್ಲಿ ಹಚ್ಚಿಸಿದೆ. ಹಾಡು ಗಾಳಿಯಲ್ಲಿ ತೇಲುತ್ತಿತ್ತು, ನಾನು ಇಳಿಸಿದ್ದ ತಗ್ಗಿನ ನಾದವಿಲ್ಲದೆ ಕೆಳಗೆ ನೆಲವೇ ಇರಲಿಲ್ಲ. ಹೋಟೆಲಿನವರು ಚಹಾ ಸೋಸುತ್ತಲೇ, "ಏನ್ರಿ, ನಿಮ್ಮ ಡೋಲಕ ಉಪಾಸ ಅದ ಏನು?" ಎಂದರು. ನಗಲಾಗಲಿಲ್ಲ.

ಮಾರನೆಯ ದಿನ ದಸ್ತಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಹೆಡ್‌ಫೋನಿನ ಸಂಗತಿಯನ್ನೂ. ಮೇಳ ಅವನನ್ನು ಕರೆಯುವುದನ್ನೇ ಬಿಟ್ಟಿತ್ತು. ಅವನು ತಂಬಾಕು ತಿಕ್ಕುತ್ತ ಪೂರ್ತಿ ಕೇಳಿದ.

"ನನ್ನ ಮುಂದ ಹೇಳಿದ್ರ ಏನಾತು? ನನಗ ಮೊದಲಽ ಗೊತ್ತಿತ್ತು. ಯಾರ ಮುಂದ ನನ್ನ ಕೈಗಿ ಕೆಟ್ಟ ಹೆಸರಿಟ್ಟೀರಿ, ಅವರ ಮುಂದ ಹೇಳ್ರಿ."

ಹೇಳಿದೆ. ಮೇಳವನ್ನೂ ದಸ್ತಪ್ಪನನ್ನೂ ನನ್ನ ಪಡಸಾಲೆಗೆ ಕರೆಸಿದ್ದೆ, ಏಳು ಮಂದಿಯಿದ್ದರು. ಶರಣಮ್ಮ ನನ್ನ ಕಡೆ ನೋಡಲಿಲ್ಲ. ದಸ್ತಪ್ಪನಿಗೆ, "ನಾನೂ ಇವರ ಮಾತು ಕೇಳಿದೆನಪ್ಪಾ, ಅರ್ಧ ತಪ್ಪು ನಂದು," ಎಂದಳು.

ಆಮೇಲೆ ಕೋಣೆಯನ್ನು ಸರಿಪಡಿಸಿದವನು ದಸ್ತಪ್ಪನೇ. ಡೋಲಕ ಬಾರಿಸುತ್ತ ಕೋಣೆಯೆಲ್ಲ ತಿರುಗಿ, ನಾದ ಎಲ್ಲಿ ಉಬ್ಬುತ್ತದೆಂದು ತೋರಿಸಿದ. ನಾಲ್ಕೂ ಮೂಲೆಗೆ ತೊಗರಿ ಹೊಟ್ಟಿನ ಚೀಲಗಳನ್ನು ಮಾಳಿಗೆವರೆಗೆ ಒಟ್ಟಿದೆವು. ಗೋಡೆಗೆ ಕೌದಿ ಕಟ್ಟಿದೆವು. ಕುರ್ಚಿ ಗೋಡೆಯಿಂದ ಮೂರೂವರೆ ಅಡಿ ಮುಂದೆ ಬಂತು. ಇನ್ನು ಎರಡು ಎಮ್ಮೆ ಕಟ್ಟುವುದಷ್ಟೇ ಬಾಕಿ ಎಂದು ಶರಣಮ್ಮ ನಕ್ಕಳು. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಹಾಡನ್ನು ನುಂಗುವುದು ನಿಂತಿತು. ಎರಡೂ ಸೈಡ್ ಮತ್ತೆ ಮಿಕ್ಸ್ ಮಾಡಿದೆ. ಬಿ ಸೈಡಿನಲ್ಲಿ ಮಾಸ್ತರರ ತಬಲಾ ಹಾಗೇ ಇರಲಿ, ಅವರದೇನು ತಪ್ಪು ಎಂದು ದಸ್ತಪ್ಪನೇ ಹೇಳಿದ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇಬ್ಬರ ಹೆಸರೂ ಬಂತು. ಅದಾದ ಮೇಲೂ ಆ ಕೋಣೆಯಲ್ಲಿ ಎಷ್ಟೋ ವರ್ಷ ಸುಖವಾಗಿ ಕೆಲಸ ಮಾಡಿದೆ.

ಧ್ವನಿ ಕೆಟ್ಟರೆ ಮೊದಲು ತಾನು ಕೂತ ಜಾಗವನ್ನು ಅನುಮಾನಿಸಬೇಕೆಂದು ಕಸುಬು ಕಲಿಸಿತು. ಎಷ್ಟು ಮಂದಿಯ ಮುಂದೆ ತಪ್ಪು ಹೊರಿಸಿದೆವೋ ಅಷ್ಟೂ ಮಂದಿಯ ಮುಂದೆ ಅದನ್ನು ಇಳಿಸಬೇಕೆಂದು ದಸ್ತಪ್ಪ ಕಲಿಸಿದ. ಆ ಏಳು ಮಂದಿಯಲ್ಲಿ ಸೇಡಂ ಮಾಸ್ತರರು ಇರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಇಷ್ಟು ಕಾಲ ಕಳೆದೆ. ಮಾಸ್ತರರೇ, ಎಲ್ಲಿದ್ದರೂ ಇದನ್ನು ಓದಿ: ಆ ಕೈ ಒರಟಾಗಿರಲಿಲ್ಲ.