ಕರು ಉಳಿಯಿತೋ ಇಲ್ಲವೋ

೧೯೬೩ರಲ್ಲಿ ನಾನು ದಾಂಡೇಲಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಆಯಾ ಆಗಿದ್ದೆ. ಕಸ ಗುಡಿಸುವುದು, ನೀರು ತುಂಬುವುದು, ಗಂಟೆ ಹೊಡೆಯುವುದು ನನ್ನ ಕೆಲಸ. ಮಕ್ಕಳು ಮಾವಶಿ ಎನ್ನುತ್ತಿದ್ದರು. ನಾನು ನನ್ನೂರು ಸಾಂಬ್ರಾಣಿಯಲ್ಲಿ ಎರಡನೇ ಇಯತ್ತೆ, ಅಂದರೆ ಎರಡನೇ ತರಗತಿಯವರೆಗೆ, ಕಲಿತವಳು; ಒತ್ತಕ್ಷರ ಬಂದರೆ ಕೆಸರಿನಲ್ಲಿ ಎತ್ತು ನಿಂತಂತೆ ನಿಲ್ಲುತ್ತಿದ್ದೆ. ಈಗ ಮೊಮ್ಮಗಳು ಕಥೆಪುಸ್ತಕ ಹಿಡಿದು ಮಗ್ಗುಲಿಗೆ ಬಂದು ಕೂತರೆ ನನ್ನ ಹಿಗ್ಗು ಮೈಯಲ್ಲಿ ಹಿಡಿಸುವುದಿಲ್ಲ. ಆ ಹಿಗ್ಗಿನಲ್ಲೇ ಅಂದಿನ ಸಂಕಟವನ್ನೂ ಹೇಳಿಬಿಡುತ್ತೇನೆ.

ನಮ್ಮ ಮಧ್ಯಾಹ್ನದ ಗಂಟೆ ಕಾಗದದ ಕಾರ್ಖಾನೆಯ ಭೋಂಗಾಕ್ಕೆ, ಅಂದರೆ ಸೈರನ್ನಿಗೆ, ಕಟ್ಟುಬಿದ್ದಿತ್ತು. ಅದು ಕೂಗುವ ಅರ್ಧ ತಾಸು ಮೊದಲು ನಾನು ಗಂಟೆ ಹೊಡೆಯಬೇಕು. ಮಕ್ಕಳು ಮನೆಗೆ ಓಡಿ, ಅವ್ವ ಕಟ್ಟಿದ ಬುತ್ತಿ ತಂದು, ಕಾರ್ಖಾನೆಯ ಗೇಟಿನಲ್ಲಿ ಅಪ್ಪನ ಕೈಗೆ ಕೊಡಬೇಕು. ಗಂಟೆ ತಡವಾದರೆ ಅಪ್ಪಂದಿರಿಗೆ ಉಪವಾಸ. ನನ್ನ ಗಂಡನೂ ಅಲ್ಲೇ ಬಿದಿರು ಇಳಿಸುತ್ತಿದ್ದ.

ಆ ಗಂಟೆಗೆ ಮುಂಚಿನ ತರಗತಿಯಲ್ಲಿ ಸುಮಿತ್ರಾ ಅಕ್ಕೋರು ನಾಲ್ಕನೇ ಇಯತ್ತೆಯವರಿಗೆ ಒಂದು ಮಕ್ಕಳ ಕಾದಂಬರಿ ಓದುತ್ತಿದ್ದರು. ಹಳೆಯದು, ಅವರ ತಾಯಿಯೂ ಸಣ್ಣವರಿದ್ದಾಗ ಓದಿದ್ದರಂತೆ. ಹಳ್ಳಿಯ ಹುಡುಗಿಯೊಬ್ಬಳು ತಬ್ಬಲಿ ಎಮ್ಮೆಕರುವನ್ನು ಸಾಕುತ್ತಾಳೆ. ಅದರ ಜೊತೆ ಹಳ್ಳದಲ್ಲಿ ಹೊರಳುತ್ತಾಳೆ, ತನ್ನ ಪಾಲಿನ ಬೆಲ್ಲ ತಿನ್ನಿಸುತ್ತಾಳೆ. ಅಪ್ಪ ಅದನ್ನು ಮಾರಲು ಮಾತು ಕೊಟ್ಟಾಗ ಕಬ್ಬಿನ ಹೊಲದಲ್ಲಿ ಅಡಗಿಸುತ್ತಾಳೆ. ನಾನು ಕಿಟಕಿಯ ಹೊರಗೆ ಗುಡಿಸಿದ ಜಾಗವನ್ನೇ ಗುಡಿಸುತ್ತ ಕೇಳುತ್ತಿದ್ದೆ. ಒಮ್ಮೆ ತಡೆಯಲಾಗದೆ, “ಒದರಬ್ಯಾಡ ನನ್ನಪ್ಪಾ, ಸುಮ್ಮನಿರು” ಎಂದು ಕರುವಿಗೆ ಹೇಳಿಬಿಟ್ಟೆ. ತರಗತಿಯೆಲ್ಲ ನಕ್ಕಿತು. “ಮಾವಶಿ, ಕರಕ್ಕ ಕೇಳಸೂದಿಲ್ರಿ” ಎಂದ ಒಬ್ಬ.

ಕಷ್ಟವೆಂದರೆ, ಕಥೆ ಕುತ್ತಿಗೆಗೆ ಬಂದಾಗಲೇ ಗಂಟೆಯ ಹೊತ್ತಾಗುತ್ತಿತ್ತು. ನನ್ನ ಕೈಯಿಂದಲೇ ನನ್ನ ಕಥೆ ಕಡಿಯಬೇಕು. ಕೊನೆಯ ಅಧ್ಯಾಯದ ದಿನ, ಕಥೆಯಲ್ಲಿ ಕರು ಕೊಳ್ಳಬಂದ ವ್ಯಾಪಾರಿ ಹಗ್ಗ ಹಿಡಿದು ಕಬ್ಬಿನೊಳಗೆ ನುಗ್ಗಿದ. ನಾನು ಸುತ್ತಿಗೆ ಎತ್ತಿದೆ.

“ಮಾವಶಿ, ಸ್ವಲ್ಪ ತಡೀರಿ” ಎಂದರು ಮಕ್ಕಳು.

“ನಿಮ್ಮಪ್ಪನ ಹೊಟ್ಟಿ ತಡೀತೈತೇನು?” ಎಂದು ಹೊಡೆದೆ.

ಮಕ್ಕಳು ಬುತ್ತಿ ಕೊಟ್ಟು ಮರಳಿದ ಮೇಲೆ, ನಾನು ಪಂಪಿನಿಂದ ನೀರು ತರುವಷ್ಟರಲ್ಲಿ ಅಕ್ಕೋರು ಓದಿ ಮುಗಿಸಿದ್ದರು. ನನಗೆ ಅಳುವೇ ಬಂತು. “ಕರು ಉಳೀತೋ ಇಲ್ಲೋ, ಅಷ್ಟರೆ ಹೇಳ್ರಿ” ಎಂದೆ. ಅವರು ಪುಸ್ತಕವನ್ನೇ ನನ್ನ ಕೈಗಿಟ್ಟರು. “ಎರಡನೇ ಇಯತ್ತೆ ಕಲತೀರಲ್ಲ, ನೀವs ಓದ್ರಿ. ಹೇಳಿದರ ಏನ್ ರುಚಿ?”

ಸಿಟ್ಟು ಬಂತು, ಆದರೂ ಹಿಡಿದೆ. ಬಿಡುವು ಸಿಕ್ಕಾಗೆಲ್ಲ ಬೆರಳಿಟ್ಟು ಓದಿದೆ. ಒಂದು ಸಾಲಿನ ಕೊನೆ ಮುಟ್ಟುವಾಗ ಅದರ ಮೊದಲು ಮರೆಯುತ್ತಿತ್ತು. ಪುಸ್ತಕವನ್ನು ಒಲೆಗೆ ಹಾಕಬೇಕೆನಿಸಿದ್ದೂ ಉಂಟು. ಮಕ್ಕಳು “ಹೇಳಲೇನ್ರಿ?” ಎಂದು ಕಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇಷ್ಟು ಒದ್ದಾಡಿದ ಮೇಲೆ ನನಗೇ ಸಿಗಬೇಕೆಂಬ ಹಟ.

ಒಂದೇ ಪುಟ ಉಳಿದಿತ್ತು. ಸಂಜೆ ಗಂಡ ಕೆಲಸದಿಂದ ಬಂದು, ಅಂಗಿ ಬಿಚ್ಚುತ್ತ, “ಇನ್ನೂ ಮುಗೀಲಿಲ್ಲೇನ? ಕರು ಉಳೀತೈತಿ ಬಿಡ. ವ್ಯಾಪಾರಿ ಬರಿಗೈಲೆ ಹೋಗ್ತಾನ” ಎಂದ.

“ನಿಮಗ್ಯಾರು ಹೇಳಿದ್ರು?”

“ಹುಡುಗರು ಬುತ್ತಿ ತರ್ತಾವಲ್ಲ, ಕಥೀನೂ ತಂದಾವ. ಗೇಟಿನ್ಯಾಗ ಎಲ್ಲಾರಿಗೂ ಗೊತ್ತೈತಿ. ನಿನಗs ಗೊತ್ತಿಲ್ಲ.”

ಅವನ ಚಹಾಕ್ಕೆ ಅಂದು ಸಕ್ಕರೆ ಬೀಳಲಿಲ್ಲ.

ಮರುದಿನ ಗಂಟೆ ಹೊಡೆದು, ಖಾಲಿ ಶಾಲೆಯಲ್ಲಿ ಕೂತು, ಸಿಟ್ಟಿನಲ್ಲೇ ಕೊನೆಯ ಪುಟ ಓದಿದೆ. ಕರು ಉಳಿಯಿತು, ಸರಿ. ಆದರೆ ಅಲ್ಲಿಗೆ ಮುಗಿದಿರಲಿಲ್ಲ. ಹುಡುಗಿ ಕೊಟ್ಟಿಗೆಯಲ್ಲಿ ಕರುವಿಗೆ ಒರಗಿ ನಿದ್ದೆಹೋಗುತ್ತಾಳೆ. ಮಾರಹೊರಟಿದ್ದ ಅಪ್ಪನೇ ಬಂದು, ಇಬ್ಬರಿಗೂ ಸೇರಿಸಿ ತನ್ನ ಕಂಬಳಿ ಹೊದಿಸುತ್ತಾನೆ. ಇದನ್ನು ಗೇಟಿನಲ್ಲಿ ಯಾರೂ ಹೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಓದಿದೆ.

ಏನಾಯಿತು ಎಂದು ಊರೇ ಹೇಳೀತು. ಹೇಗಾಯಿತು ಎಂಬುದು ಓದಿದವರಿಗಷ್ಟೇ ಸಿಗುತ್ತದೆ. ಆಯಾ ಕೆಲಸ ನನಗೆ ಕಲಿಸಿದ್ದು ಇದು. ಸಂಜೆ ಗಂಡ, “ನಾ ಹೇಳಿದ್ದs ಖರೇ ಅಲ್ಲೇನು?” ಎಂದು ಕೇಳಿದ. ಹೌದು ಎಂದೆ. ಕಂಬಳಿಯ ಸುದ್ದಿ ಮಾತ್ರ ಹೇಳಲಿಲ್ಲ.